ಮೊದಲು ಸೀಟು ಹಿಡಿದವರು

ಆಷಾಢದಲ್ಲಿ ಶಿರಸಿ ಕಡೆಯ ಯಾವ ಮನೆಗಾದರೂ ಹೋಗಿ ಕಪಾಟಿನ ಬಾಗಿಲು ತೆಗೆದು ನೋಡಿ, ಮೊದಲು ಮೂಗಿಗೆ ಹೊಡೆಯುವುದು ಬೂಷ್ಟಿನ ವಾಸನೆ. ಹೊಡೆಯಲಿಲ್ಲ ಅಂದರೆ ಆ ಮನೆಯವರು ಕಪಾಟಿನೊಳಗೆ ಬಲ್ಬು ಉರಿಸಿಟ್ಟಿದ್ದಾರೆ ಅಂತಲೇ ಲೆಕ್ಕ. ಚರ್ಮದ ಬೆಲ್ಟು, ಮದುವೆಗೆಂದು ತೆಗೆದ ಬೂಟು, ಕನ್ನಡಕದ ಡಬ್ಬಿ, ಹಳೆ ಪುಸ್ತಕದ ರಟ್ಟು, ಮೂಲೆಯಲ್ಲಿ ತೂಗುಹಾಕಿದ ಮದ್ದಳೆ, ಎಲ್ಲದರ ಮೇಲೂ ಬೂದಿ ಬಣ್ಣದ್ದೋ ಹಸಿರು ಬಣ್ಣದ್ದೋ ಒಂದು ಪದರ. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ವಾರ ಕಳೆಯುವುದರೊಳಗೆ ಮತ್ತೆ ಹಾಜರು. ಮಳೆಗಾಲ ಮುಗಿಯುವ ತನಕ ನಮ್ಮ ಕಡೆ ಹೆಂಗಸರಿಗೆ ಅರ್ಧ ಕೆಲಸ ಒರೆಸುವುದು, ಇನ್ನರ್ಧ ಕೆಲಸ ಒಣಗದ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹರಡುವುದು. ಗಂಡಸರು ಜಗುಲಿಯಲ್ಲಿ ಕೂತು "ಈ ವರ್ಷ ಮಳೆ ಜಾಸ್ತಿ ಆತು" ಅನ್ನುವ ಕೆಲಸ ನೋಡಿಕೊಳ್ಳುತ್ತಾರೆ.

ಬೂಷ್ಟನ್ನು ಮಳೆ ಹೊತ್ತು ತರುವುದಿಲ್ಲ. ಅದರ ಬೀಜಕಣಗಳು ವರ್ಷವಿಡೀ ಗಾಳಿಯಲ್ಲಿ ಇದ್ದೇ ಇರುತ್ತವೆ, ಮಾರ್ಚ್ ತಿಂಗಳ ಉರಿ ಬಿಸಿಲಿನಲ್ಲೂ. ನಿಮ್ಮ ಬೆಲ್ಟಿನ ಮೇಲೆ ಆಗಲೇ ಬಂದು ಕೂತಿರುತ್ತವೆ. ಅವಕ್ಕೆ ಬೇಕಾದದ್ದು ಒಂಚೂರು ನೀರು. ಗಾಳಿಯ ತೇವ ನೂರಕ್ಕೆ 80 ದಾಟಿದರೆ ಸಾಕು, ಚರ್ಮ, ಅಂಟು, ಕಾಗದ, ಏನು ಸಿಕ್ಕರೂ ಊಟ. ಅರ್ಧ ಕೊಯ್ದು ಮರೆತುಬಿಟ್ಟ ಲಿಂಬೆಹಣ್ಣು ಮನೆಯಲ್ಲಿ ಸಿಕ್ಕರೆ ಎಸೆಯುವ ಮೊದಲು ಮಕ್ಕಳ ಭೂತಗನ್ನಡಿ ಹಿಡಿದು ನೋಡಿ. ಅಂಚಿನಲ್ಲಿ ತೀರಾ ಸಪೂರದ ಬಿಳಿ ಎಳೆಗಳು ಇನ್ನೂ ಮುಂದಕ್ಕೆ ಹರಿಯುತ್ತಿರುತ್ತವೆ. ಒಳಗಡೆ, ಎಳೆಗಳು ಬಲಿತ ಜಾಗದಲ್ಲಿ, ಹಸಿರು ಪುಡಿ. ಆ ಪುಡಿಯೆಲ್ಲ ಬೀಜಕಣ, ಉಸಿರು ತಾಗಿದರೆ ಏಳುತ್ತದೆ, ಅದಕ್ಕೇ ಉಸಿರು ಹಿಡಿದು ನೋಡುವುದು ಒಳ್ಳೆಯದು. ಲಿಂಬೆಗೆ ಬರುವ ಈ ಹಸಿರು ಬೂಷ್ಟು ಪೆನಿಸಿಲಿಯಂ ಕುಲದ್ದು. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ತಟ್ಟೆಯಲ್ಲಿ ಬೆಳೆದು ಸುತ್ತಲಿನ ಬ್ಯಾಕ್ಟೀರಿಯಾಗಳನ್ನು ಕೊಂದು ಪೆನಿಸಿಲಿನ್ ಔಷಧಿಗೆ ದಾರಿ ಮಾಡಿಕೊಟ್ಟದ್ದು ಇದೇ ಕುಲದ ಇನ್ನೊಬ್ಬರು. ಹಾಗಂತ ಗಾಯಕ್ಕೆ ಲಿಂಬೆ ಬೂಷ್ಟು ಹಚ್ಚಲು ಹೋಗಬೇಡಿ.

ನನಗೆ ಅನ್ನಿಸುವುದು ಇಷ್ಟು. ಮನೆಯಲ್ಲಿ ಕಣ್ಣಿಗೆ ಕಾಣದವರ ಗದ್ದಲ ಯಾವಾಗಲೂ ಇದ್ದದ್ದೇ. ಅವರನ್ನೆಲ್ಲ ಹೊರಗೆ ಹಾಕುತ್ತೇನೆ ಅಂತ ಹೊರಟರೆ ಆಗುವ ಕೆಲಸವೇ ಅಲ್ಲ. ನಮ್ಮ ಅಡುಗೆಮನೆಗಳು ಹಿಂದಿನಿಂದ ಮಾಡಿಕೊಂಡು ಬಂದಿರುವುದು ಬೇರೆ ಒಂದು ಉಪಾಯ: ಯಾರು ಮೊದಲು ಕೂರಬೇಕು ಅಂತ ತೀರ್ಮಾನ ಮಾಡುವುದು. ಶಿರಸಿ ಬಸ್ ಸ್ಟ್ಯಾಂಡಿಗೆ ಕುಮಟಾ ಬಸ್ಸು ಬಂದಾಗ ನೋಡಿದ್ದೀರಲ್ಲ, ಬಾಗಿಲಲ್ಲಿ ನುಗ್ಗಲು ಆಗದವರು ಹೊರಗಿನಿಂದಲೇ ಕಿಟಕಿಯಲ್ಲಿ ಟವೆಲ್ ತೂರಿಸಿ ಸೀಟು ಹಿಡಿಯುತ್ತಾರೆ. ಆಮೇಲೆ ಹತ್ತಿದವರು ಎಷ್ಟೇ ಗಟ್ಟಿ ಆಳಾದರೂ ಆ ಟವೆಲ್ ಎತ್ತುವ ಧೈರ್ಯ ಮಾಡುವುದು ಕಡಿಮೆ. ಹಾಲಿಗೆ ಹೆಪ್ಪು ಹಾಕುವುದು ಅಂದರೆ ಅದೇ ಟವೆಲ್.

ಹಾಲು ಕಾಯಿಸಿದಾಗ ಒಳಗಿದ್ದವರಲ್ಲಿ ಮುಕ್ಕಾಲುವಾಸಿ ಸತ್ತುಹೋಗುತ್ತಾರೆ, ಸೀಟೆಲ್ಲ ಖಾಲಿ. ಹಾಗೇ ಬಿಟ್ಟರೆ ಯಾರು ಬೇಕಾದರೂ ಬಂದು ಕೂರಬಹುದು, ಮಾರನೆಯ ದಿನ ಹಾಲು ಒಡೆದು ಕಹಿ ವಾಸನೆ ಬರುತ್ತದೆ. ನಮ್ಮ ಆಯಿ ಹಾಲು ಆರಿದ ಮೇಲೆ ಕಿರುಬೆರಳು ಅದ್ದಿ ನೋಡುತ್ತಾಳೆ. ಬೆರಳಿಗೆ ಬಿಸಿ ಅನ್ನಿಸಬೇಕು, ಚುರುಕ್ ಅನ್ನಬಾರದು. ಅಳೆದು ನೋಡಿದರೆ ಅದು 40 ಡಿಗ್ರಿ ಆಸುಪಾಸು. ಅದಕ್ಕಿಂತ ತುಂಬ ಜಾಸ್ತಿಯಾದರೆ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಬೆಂದುಹೋಗುತ್ತವೆ, ತಣ್ಣಗಾದರೆ ಮಲಗಿಬಿಡುತ್ತವೆ. ಒಂದು ಚಮಚ ಹೆಪ್ಪಿನಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುವುದು, ಒಂದು ಎರಡಾಗುವುದು, ಎರಡು ನಾಲ್ಕಾಗುವುದು, ಬೆಚ್ಚಗಿದ್ದರೆ ಇದಕ್ಕೆ ಗಂಟೆಯೂ ಬೇಡ. ಹುಳಿ ಏರುತ್ತಾ ಹೋದ ಹಾಗೆ ಹಾಲಿನ ಕೇಸಿನ್ ಅನ್ನುವ ಪ್ರೋಟೀನು ಒಂದಕ್ಕೊಂದು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಅಷ್ಟೇ ಅಲ್ಲ, ಆ ಹುಳಿಯಲ್ಲಿ ಹಾಲು ಕೆಡಿಸುವ ಬೇರೆಯವರು ಬಾಳುವುದು ಕಷ್ಟ. ಸೀಟು ಹಿಡಿದವರು ಪಕ್ಕದ ಸೀಟನ್ನೂ ಹುಳಿ ಮಾಡಿಟ್ಟರು ಅಂತ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಇದೆಲ್ಲ ತಾನಾಗಿಯೇ ನಡೆಯುತ್ತದೆ. ಮಳೆಗಾಲದಲ್ಲಿ ಮೊಸರಿನ ಪಾತ್ರೆಗೆ ಬಾಣಂತಿಯ ಉಪಚಾರ. ಒಂದು ಮನೆಯಲ್ಲಿ ಕಂಬಳಿ ಸುತ್ತುತ್ತಾರೆ, ಇನ್ನೊಂದರಲ್ಲಿ ಅಕ್ಕಿ ಡಬ್ಬಿಯೊಳಗೆ ಹುಗಿಯುತ್ತಾರೆ, ಕಟ್ಟಿಗೆ ಒಲೆ ಉಳಿದಿರುವ ಮನೆಯಲ್ಲಿ ಒಲೆದಂಡೆ ಇದ್ದೇ ಇದೆ. ಆದರೂ ಕೆಲವು ದಿನ ಮೊಸರು ಲೋಳೆಯಾಗುತ್ತದೆ, ಚಮಚ ಎತ್ತಿದರೆ ಉದ್ದಕ್ಕೆ ನೂಲು. ಹೆಪ್ಪಿನಲ್ಲಿರುವ ಕೆಲವು ಜಾತಿಯ ಬ್ಯಾಕ್ಟೀರಿಯಾ ತಂಪಿನಲ್ಲಿ ಅಂಟು ಪದಾರ್ಥ ಮಾಡುವುದರಿಂದ ಹೀಗಾಗುತ್ತದೆ. ಫಿನ್ಲೆಂಡಿನವರು ಇಂಥ ಲೋಳೆ ಮೊಸರನ್ನು ವೀಲಿ ಅಂತ ಹೆಸರಿಟ್ಟು ಬೇಕೆಂದೇ ಮಾಡಿಕೊಂಡು ತಿನ್ನುತ್ತಾರೆ. ಇದನ್ನು ಆಯಿಗೆ ಹೇಳಿದಾಗ ಅವಳು ತಲೆ ಎತ್ತಲಿಲ್ಲ. "ಅವು ಎಂತ ಬೇಕಾರೂ ತಿನ್ಲಿ, ನೀ ಅದ್ನ ಅಕ್ಕಚ್ಚಿನ ಬಾನಿಗೆ ಹಾಕು" ಅಂದಳು. ಎಮ್ಮೆ ಫಿನ್ಲೆಂಡಿನವರ ಹಾಗೆಯೇ ಸಂತೋಷವಾಗಿ ಕುಡಿಯಿತು.

ಹೆಪ್ಪು ಕೆಟ್ಟರೆ ಪಕ್ಕದ ಮನೆ. "ಕೂಸೆ, ಒಂಚೂರು ಹೆಪ್ಪು ಇದ್ದನೇ?" ಅಂತ ಲೋಟ ಹಿಡಿದುಕೊಂಡು ಬರುವವರು ಈಗ ಪ್ಯಾಕೆಟ್ ಮೊಸರು ಬಂದ ಮೇಲೆ ಕಡಿಮೆಯಾಗಿದ್ದಾರೆ, ನಿಂತುಹೋಗಿಲ್ಲ. ಯಾರೂ ಸಿಗದಿದ್ದರೆ ಒಣಮೆಣಸಿನ ತೊಟ್ಟು ಹಾಕಿ ಹೆಪ್ಪು ಮಾಡುವವರಿದ್ದಾರೆ, ತೊಟ್ಟಿನ ಮೇಲೂ ಈ ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ನಮ್ಮ ಹೆಪ್ಪು ಕೆಳಗಿನ ಮನೆಗೆ ಹೋಗಿ, ಅಲ್ಲಿಂದ ಅವರ ಮಗಳ ಮನೆಗೆ ಹೋಗಿ, ನಮ್ಮದು ಕೆಟ್ಟಾಗ ಅವರಿಂದ ವಾಪಸ್ ಬಂದು, ಯಾರ ಹೆಪ್ಪು ಯಾರದ್ದು ಅಂತ ಹೇಳಲು ಆಗದ ಹಾಗೆ ಬೆರೆತುಹೋಗಿದೆ. ಇಷ್ಟೆಲ್ಲ ಬೆರೆತ ಮೇಲೂ, ಮಡಿಯ ಹಿಂದೆ ವಿಜ್ಞಾನ ಇದೆ, ಹಿರಿಯರಿಗೆ ಸೂಕ್ಷ್ಮಜೀವಿಗಳ ಬಗ್ಗೆ ಮೊದಲೇ ಗೊತ್ತಿತ್ತು ಅಂತ ವಾಟ್ಸಾಪಿನಲ್ಲಿ ಬರುವುದುಂಟು. ನನಗೆ ಅದನ್ನು ಓದಿದಾಗಲೆಲ್ಲ ಸ್ವಲ್ಪ ಕೋಪ ಬರುತ್ತದೆ. ಮಡಿ ಕೇಳುತ್ತಿದ್ದದ್ದು ಯಾರು ಮುಟ್ಟಿದರು ಅಂತ. ಕೈ ತೊಳೆದಿದೆಯೋ ಇಲ್ಲವೋ ಅದರ ಮುಖ್ಯ ಪ್ರಶ್ನೆ ಆಗಿರಲಿಲ್ಲ. ಕೈ ತೊಳೆಯುವ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು 1847ರಲ್ಲಿ ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದ ಡಾಕ್ಟರುಗಳಿಗೆ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯಿರಿ ಅಂದರು. ಆ ವಾರ್ಡಿನಲ್ಲಿ ಕೆಲವು ತಿಂಗಳು ನೂರಕ್ಕೆ 10ಕ್ಕೂ ಜಾಸ್ತಿ ಬಾಣಂತಿಯರು ಸಾಯುತ್ತಿದ್ದದ್ದು 2ರ ಆಸುಪಾಸಿಗೆ ಇಳಿಯಿತು. ಆದರೂ ಅನೇಕ ಡಾಕ್ಟರುಗಳಿಗೆ ಸಿಟ್ಟು ಬಂತು, ನಮ್ಮ ಕೈ ಕೊಳಕು ಅಂತೀಯಾ ಅಂತ. ಮಡಿವಂತಿಕೆ ಎಲ್ಲ ಊರಲ್ಲೂ ಇದೆ.

ಈ ಕಣ್ಣಿಗೆ ಕಾಣದವರನ್ನೆಲ್ಲ ಮೊದಲು ಕಣ್ಣಾರೆ ಕಂಡ ಕತೆಯಲ್ಲಿ ನಮ್ಮ ಘಟ್ಟದ ಬಳ್ಳಿಗೂ ಒಂದು ಪಾತ್ರ ಇದೆ. ಹಾಲೆಂಡಿನ ಡೆಲ್ಫ್ಟ್ ಅನ್ನುವ ಊರಲ್ಲಿ ಲೇವನ್‌ಹುಕ್ ಅಂತ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರದಲ್ಲಿ ಸಿಕ್ಕಿದ್ದನ್ನೆಲ್ಲ ನೋಡುವ ಚಟ. ಕಾಳುಮೆಣಸು ನಾಲಿಗೆಗೆ ಯಾಕೆ ಖಾರ ಹತ್ತುತ್ತದೆ ಅಂತ ಅವನಿಗೆ ಕುತೂಹಲ. ಮೆಣಸನ್ನು ನೀರಲ್ಲಿ ನೆನೆಸಿಟ್ಟು ಕೆಲವು ವಾರ ಬಿಟ್ಟು ನೋಡಿದ. ಖಾರದ ಗುಟ್ಟು ಸಿಗಲಿಲ್ಲ, ನೀರಿನ ತುಂಬ ಓಡಾಡುವ ಪುಟ್ಟ ಪುಟ್ಟ ಜೀವಿಗಳು ಸಿಕ್ಕವು. 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಉದ್ದದ ಕಾಗದ ಬರೆದ. ಬ್ಯಾಕ್ಟೀರಿಯಾವನ್ನು ಮನುಷ್ಯ ನೋಡಿದ ಮೊದಲ ದಾಖಲೆ ಅಂದರೆ ಆ ಕಾಗದ. ಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. ಇಲ್ಲಿ ಶತಮಾನಗಟ್ಟಲೆ ಮೆಣಸು ನೆನೆಸಿ, ಅರೆದು, ಕಷಾಯ ಮಾಡಿ ಕುಡಿದ ನಮಗೆ ಆ ನೀರನ್ನು ಬಗ್ಗಿ ನೋಡೋಣ ಅನ್ನಿಸಲಿಲ್ಲ. ಕಷಾಯ ಬಿಸಿ ಇರುವಾಗಲೇ ಕುಡಿಯಬೇಕಲ್ಲ, ಪುರುಸೊತ್ತು ಎಲ್ಲಿ.

ಅನ್ನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಒಂದೇ ಅನ್ನ ಎರಡು ದಾರಿ ಹಿಡಿಯುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ಕುದಿಯುವ ನೀರಿಗೆ ಅದು ಬಗ್ಗುವುದಿಲ್ಲ. ಮಧ್ಯಾಹ್ನ ಮಾಡಿದ ಅನ್ನ ಕುಕ್ಕರಿನಲ್ಲಿ ಬೆಚ್ಚಗೆ ಹಾಗೇ ಕೂತರೆ ಅದು ಎದ್ದು ಬೆಳೆದು ವಿಷ ಬಿಡುತ್ತದೆ. ಆ ವಿಷಕ್ಕೂ ಬೆಂಕಿಯ ಹೆದರಿಕೆ ಇಲ್ಲ, ರಾತ್ರಿ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಇರುತ್ತದೆ. ತಿಂದು ಒಂದೆರಡು ತಾಸಿನಲ್ಲೇ ವಾಂತಿ ಶುರುವಾದರೆ ಸುಮ್ನೆ ಸಾಂಬಾರಿನ ಮೇಲೆ ಗೂಬೆ ಕೂರಿಸುತ್ತೇವೆ. ಇತ್ತ ಕುಮಟಾ, ಹೊನ್ನಾವರ ಕಡೆ ಗದ್ದೆ ಕೆಲಸಕ್ಕೆ ಹೋಗುವವರು ರಾತ್ರಿ ಉಳಿದ ಕುಚ್ಚಲಕ್ಕಿ ಅನ್ನಕ್ಕೆ ಆರಿದ ಮೇಲೆ ನೀರು ಹೊಯ್ದು, ಒಂದು ಸೌಟು ಹುಳಿ ಮಜ್ಜಿಗೆ ಬಿಟ್ಟು, ಬೆಳಿಗ್ಗೆ ಉಪ್ಪಿನಕಾಯಿ ಜೊತೆ ತಂಗಳು ಉಣ್ಣುತ್ತಾರೆ. ಮಜ್ಜಿಗೆಯವರು ಮೊದಲೇ ಸೀಟು ಹಿಡಿದು ಹುಳಿ ಎಬ್ಬಿಸುವುದರಿಂದ ಆ ಇನ್ನೊಬ್ಬನಿಗೆ ತಲೆ ಎತ್ತುವುದು ಕಷ್ಟ. ಊಟ ಮುಗಿದು ಉಳಿದ ಅನ್ನವನ್ನು ಫ್ರಿಜ್ಜಿನಲ್ಲಿ ಇಡುವುದೂ ಸರಿಯೇ, ಆದರೆ ಬೇಗ ಇಡಬೇಕು. ಕರೆಂಟು ಯಾವಾಗ ಬೇಕಾದರೂ ಹೋಗುವ ಊರಿನಲ್ಲಿ ಮಜ್ಜಿಗೆ ಜಾಸ್ತಿ ನಂಬಿಕಸ್ತ.

ಉಪ್ಪಿನಕಾಯಿಯಲ್ಲಿ ಇದೇ ಆಟ ಬೇರೆ ರೀತಿ. ಅಲ್ಲಿ ಸೀಟು ಹಿಡಿಸುವುದಕ್ಕಿಂತ ಬಸ್ಸಿನ ಗಾಳಿ ನೀರನ್ನೇ ಕಿತ್ತುಕೊಳ್ಳುತ್ತೇವೆ. ಅಘನಾಶಿನಿ ದಂಡೆಯ ಅಪ್ಪೆಮಿಡಿ ಬಂತು ಅಂದರೆ ಮನೆಯಲ್ಲಿ ಪರೀಕ್ಷೆ ಹಾಲಿನ ಗಾಂಭೀರ್ಯ. ತೊಟ್ಟು ಇರಬೇಕು, ಸೊನೆ ಹೋಗಬಾರದು, ಪೆಟ್ಟು ಬಿದ್ದ ಒಂದು ಮಿಡಿಯೂ ಒಳಗೆ ಸೇರಬಾರದು. ಗೀರಿದ ಜಾಗದಿಂದ ಬೂಷ್ಟು ಒಳಹೊಕ್ಕರೆ ಭರಣಿಯೇ ಹೋಯಿತು. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಉಪ್ಪು ಮಿಡಿಯಿಂದ ನೀರು ಎಳೆಯುತ್ತದೆ, ಮಿಡಿ ಮುರುಟಿ ಚಿಕ್ಕದಾಗುತ್ತದೆ. ಹಾಗೆಯೇ ಒಳಗೆ ಬಂದ ಬ್ಯಾಕ್ಟೀರಿಯಾದ ಮೈಯಿಂದಲೂ ನೀರು ಎಳೆಯುತ್ತದೆ. ಭರಣಿಯ ತುಂಬ ನೀರಿದ್ದರೂ ಕುಡಿಯಲು ಹನಿ ಸಿಗದ ಸ್ಥಿತಿ ಅವಕ್ಕೆ. "ಒದ್ದೆ ಚಮಚ ಹಾಕಡ" ಅಂತ ಆಯಿ ಕೂಗುವುದು ಇದಕ್ಕೇ, ಆ ಒಂದು ಚಮಚದ ನೀರಲ್ಲಿ ಮೇಲಿನ ಪದರದ ಉಪ್ಪು ತೆಳುವಾಗಿ ಯಾರಿಗೋ ಕೂರಲು ಜಾಗ ಆಗುತ್ತದೆ.

ಆದರೆ ಉಪ್ಪಿಗೂ ಜಗ್ಗದವರಿದ್ದಾರೆ. ಗೋಕರ್ಣದ ಪಕ್ಕ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಇಂಥ ಆಗರಗಳಲ್ಲಿ ಬಿಸಿಲಿಗೆ ನೀರು ಆರಿ ಉಪ್ಪು ದಪ್ಪವಾಗುತ್ತಾ ಬಂದಾಗ ಗುಲಾಬಿ ಛಾಯೆ ಕಾಣಿಸುವುದುಂಟು. ಅದು ಮಣ್ಣಿನ ಬಣ್ಣವೊಂದೇ ಅಲ್ಲ, ಉಪ್ಪು ಕಡಿಮೆಯಾದರೆ ಮೈ ಒಡೆದು ಸಾಯುವಂಥ, ಗಟ್ಟಿ ಉಪ್ಪುನೀರೇ ಬೇಕು ಅನ್ನುವ ಸೂಕ್ಷ್ಮಜೀವಿಗಳ ಬಣ್ಣ. ಉಪ್ಪು ಹಾಕಿದ ಒಣಮೀನಿನ ಮೇಲೆ ಕೆಲವೊಮ್ಮೆ ಗುಲಾಬಿ ಕಲೆ ಬಂದರೆ ಅದೂ ಇವರದ್ದೇ ಬಳಗ. ಅಂಕೋಲಾ ಸಂತೆಯಲ್ಲಿ ಮೀನು ಕೊಳ್ಳುವ ಹೆಂಗಸರು ಬೆರಳಿಂದ ಮೀನು ತಿರುವಿ ಹೊಟ್ಟೆಯ ಕಡೆ ನೋಡಿ, ಮುಖ ಸಿಂಡರಿಸಿ, ರೇಟು ಅರ್ಧಕ್ಕೆ ಇಳಿಸುತ್ತಾರಲ್ಲ, ಆ ಪರೀಕ್ಷೆಗೆ ಯಾವ ಲ್ಯಾಬೂ ಬೇಡ.

ಬೂಷ್ಟು ಬಂದ ಭಾಗ ಕೆತ್ತಿ ತೆಗೆದು ಉಳಿದದ್ದನ್ನು ತಿನ್ನುವ ಅಭ್ಯಾಸ ನಮ್ಮಲ್ಲಿ ಇದೆ. ದುಡ್ಡು ಕೊಟ್ಟದ್ದು ಅಲ್ವಾ. ಶೇಂಗಾ ಮತ್ತು ಕೊಬ್ಬರಿ ವಿಷಯದಲ್ಲಿ ಈ ಉಳಿತಾಯ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಯಾಕೆ ಅಂತ ಗೊತ್ತಾಗದೆ ಸತ್ತವು. ಹುಡುಕುತ್ತಾ ಹೋದರೆ ಅವಕ್ಕೆ ಹಾಕಿದ ಬ್ರೆಜಿಲ್ಲಿನ ಶೇಂಗಾ ಹಿಂಡಿಯಲ್ಲಿ ಬೂಷ್ಟು, ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ. ಯಕೃತ್ತಿಗೆ ಕ್ಯಾನ್ಸರ್ ತರುವ ಪದಾರ್ಥ ಅದು, ಹುರಿದರೂ ಪೂರ್ತಿ ಹೋಗುವುದಿಲ್ಲ, ಕಣ್ಣಿಗೆ ಹಸಿರು ಕಾಣದ ಜಾಗದಲ್ಲೂ ಇಳಿದಿರಬಹುದು. ಮಳೆ ಸಿಕ್ಕಿ ಮುಗ್ಗಿದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಬಿಡೋಣ ಅನ್ನುವವರು ಇಷ್ಟನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇನ್ನು ತೋಟ. ನಮ್ಮ ಕಡೆಯವರ ಹತ್ತಿರ ಸೂಕ್ಷ್ಮಜೀವಿ ಅಂದರೆ ಮುಖ ನೋಡುತ್ತಾರೆ, ಕೊಳೆ ಅಂದರೆ ಎದ್ದು ಕೂರುತ್ತಾರೆ. ಎಳೆ ಅಡಿಕೆಗೆ ನೀರು ಕುಡಿದ ಹಾಗಿನ ಕಪ್ಪು ಹಸಿರು ಕಲೆ, ನಾಲ್ಕು ದಿನಕ್ಕೆ ಬಿಳಿ ಬೂಷ್ಟು, ಆಮೇಲೆ ಮರದ ಬುಡದಲ್ಲಿ ಉದುರಿದ ಕಾಯಿ. ಮಾಡುವುದು ಫೈಟಾಫ್ತೊರಾ. ಶಿಲೀಂಧ್ರದ ವೇಷ ಹಾಕಿದರೂ ಅದು ಆ ಜಾತಿಯದಲ್ಲ, ಕಡಲ ಪಾಚಿಗೆ ಹತ್ತಿರದ ಸಂಬಂಧಿ. ಅದರ ಬೀಜಕಣಕ್ಕೆ ಬಾಲ ಇದೆ, ಮಳೆನೀರಿನ ಪದರದಲ್ಲಿ ಈಜಿಕೊಂಡು ಕಾಯಿಂದ ಕಾಯಿಗೆ ಹೋಗುತ್ತದೆ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದರ ದಾಯಾದಿ. ಮದ್ದು ಎಲ್ಲರಿಗೂ ಗೊತ್ತು: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ ಒಟ್ಟು ಹಾಕಿದಾಗ ಬರುವ ಆ ನೀಲಿಯನ್ನು ಮಳೆಗಾಲದ ಮೊದಲು ಪ್ರತಿ ಮನೆಯ ಡ್ರಮ್ಮಿನಲ್ಲೂ ನೋಡಬಹುದು. ಹದ ಸರಿಯಾಯಿತೋ ಇಲ್ಲವೋ ಅಂತ ತಿಳಿಯಲು ಹೊಳೆಯುವ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ತುದಿಗೆ ಕೆಂಪು ಹಿಡಿದರೆ ಮೈಲುತುತ್ತದೊಳಗಿನ ತಾಮ್ರ ಇನ್ನೂ ಬಿಡುಗಡೆಯಾಗಿ ಓಡಾಡುತ್ತಿದೆ, ಸುಣ್ಣ ಸಾಲದು ಅಂತ ಅರ್ಥ. ಆಮೇಲೆ ಅಡಿಕೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಕಾಲು ಹಿಡಿಯುವ ಕೆಲಸ. ಮೊದಲನೇ ಮದ್ದಿಗೆ ಅವನು ಸಿಗುತ್ತಾನೆ, ನಲವತ್ತು ದಿನ ಬಿಟ್ಟು ಎರಡನೇ ಮದ್ದು ಹೊಡೆಯುವ ಹೊತ್ತಿಗೆ ಮಳೆಯೂ ಬಿಡುವುದಿಲ್ಲ, ಕೊನೆಗೌಡನೂ ಫೋನ್ ಎತ್ತುವುದಿಲ್ಲ.

ಈ ಮದ್ದು ಹುಟ್ಟಿದ ಕತೆ ನನಗೆ ಬಹಳ ಇಷ್ಟ. ಫ್ರಾನ್ಸಿನ ಬೋರ್ಡೋ ಕಡೆ ರಸ್ತೆ ಬದಿಯ ದ್ರಾಕ್ಷಿಯನ್ನು ಹೋಗುಬರುವವರು ಕಿತ್ತು ತಿನ್ನುತ್ತಿದ್ದರಂತೆ. ತೋಟದವರು ತುತ್ತ ಸುಣ್ಣ ಕಲಸಿ ಎರಚಿ, ನೋಡಿದರೆ ವಿಷ ಅನ್ನಿಸುವ ಹಾಗೆ ಮಾಡಿಟ್ಟರು. ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರಜ್ಞರು ನೋಡಿದರೆ ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ರೋಗ ಇಲ್ಲ. 1885ರಲ್ಲಿ ಅದನ್ನು ಪ್ರಕಟಿಸಿದರು. ಇಪ್ಪತ್ತೈದು ವರ್ಷದೊಳಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆಯ ಮೇಲೆ ಕೆಲಸ ಮಾಡಿ ಇದೇ ಮದ್ದು ಹೊಡೆಯಿರಿ ಅಂದರು. ದ್ರಾಕ್ಷಿ ಕಳ್ಳರಿಗೆ ಮಾಡಿದ ಉಪಾಯದಲ್ಲಿ ನಮ್ಮ ಅಡಿಕೆ ಉಳಿದಿದೆ.

ಮೆಣಸಿನ ಬಳ್ಳಿಗೆ ಸೊರಗು ರೋಗ ತರುವುದೂ ಫೈಟಾಫ್ತೊರಾದ ಇನ್ನೊಂದು ಜಾತಿ, ಅದು ಮಣ್ಣಿನಿಂದ ಬೇರಿಗೆ ಏರುತ್ತದೆ. ಅಲ್ಲಿ ಈಗ ಟವೆಲ್ ಉಪಾಯವೇ ನಡೆಯುತ್ತಿದೆ. ಟ್ರೈಕೋಡರ್ಮಾ ಅನ್ನುವ ಹಸಿರು ಶಿಲೀಂಧ್ರದ ಪುಡಿ ತಂದು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಜೊತೆ ಕಲಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಟ್ಟು ಬೆಳೆಸಿ ಬಳ್ಳಿಯ ಬುಡಕ್ಕೆ ಹಾಕುವುದು. ಅದು ಬೇರಿನ ಸುತ್ತ ಜಾಗ ಹಿಡಿದು ಕೂರುತ್ತದೆ, ರೋಗದವನು ಬಂದರೆ ಅವನ ಊಟ ಕಸಿಯುತ್ತದೆ, ಸಾಧ್ಯವಾದರೆ ಅವನನ್ನೇ ತಿನ್ನುತ್ತದೆ. ಬಳ್ಳಿ ಸೊರಗಲು ಶುರುವಾದ ಮೇಲೆ ತಂದು ಸುರಿದರೆ ಏನೂ ಆಗುವುದಿಲ್ಲ, ಆದರೆ ನಮ್ಮವರಿಗೆ ಅಂಗಡಿಗೆ ಹೋಗುವ ನೆನಪಾಗುವುದು ಆಗಲೇ.

ಎಲ್ಲದಕ್ಕೂ ಈ ಉಪಾಯ ನಡೆಯುತ್ತದೆ ಅಂತಲ್ಲ. ಸಿದ್ದಾಪುರ ಕಡೆಯವರಿಗೆ ಮಂಗನ ಕಾಯಿಲೆ ಅಂದರೆ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ಸು ರಕ್ತ ಹೀರುವ ಉಣುಗಿನ (ಉಣ್ಣೆಯ) ಮೈಯಲ್ಲಿ ಕೂತು ಕಾಯುತ್ತದೆ. ಮಂಗ ಸತ್ತು ಬಿದ್ದಲ್ಲಿ ಉಣುಗು ನೆಲಕ್ಕೆ ಇಳಿಯುತ್ತದೆ. ಚಳಿಗಾಲ ಮುಗಿದು ಬೇಸಿಗೆ ಏರುವ ತಿಂಗಳುಗಳಲ್ಲೇ ಅದರ ಜೋರು, ಒಣ ಎಲೆಯ ದರಕು ಗುಡಿಸಲು ಬೆಟ್ಟಕ್ಕೆ ಹೋಗುವ ಕಾಲವೂ ಅದೇ. ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗುವುದು, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ಬದಲಿಸುವುದು, ಜ್ವರ ಬಂದರೆ ತಡ ಮಾಡದಿರುವುದು, ಇಷ್ಟೇ ಕೈಲಿರುವುದು. ಇಲಿ ಜ್ವರವೂ ಹಾಗೇ. ಇಲಿಯ ಉಚ್ಚೆ ಸೇರಿದ ಗದ್ದೆಯ ನೀರಲ್ಲಿ ಕಾಲಿನ ಒಡಕಿನ ಮೂಲಕ ಒಳಗೆ ಬರುತ್ತದೆ. ಬೇಗ ಗೊತ್ತಾದರೆ ಆಂಟಿಬಯೋಟಿಕ್ಕಿಗೆ ಬಗ್ಗುತ್ತದೆ. ಇಂಥವಕ್ಕೆ ಮಜ್ಜಿಗೆ, ಕಷಾಯ ಅಂತ ಮನೆಯಲ್ಲಿ ಕೂತರೆ ಜೀವಕ್ಕೇ ಬರುತ್ತದೆ.

ಆಂಟಿಬಯೋಟಿಕ್ ಅಂದಾಗ ನೆನಪಾಯಿತು. ಮೊದಲ ಮಳೆಗೆ ಮಣ್ಣಿನ ಪರಿಮಳ ಬರುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಸ್ಟ್ರೆಪ್ಟೊಮೈಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ ಮಾಡುವ ಜಿಯೋಸ್ಮಿನ್‌ನದ್ದು. 1943ರಲ್ಲಿ ಅಮೆರಿಕದಲ್ಲಿ ಅದೇ ಕುಲದ ಒಂದರಿಂದ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, ಕ್ಷಯಕ್ಕೆ ಮೊದಲ ಸರಿಯಾದ ಔಷಧಿ. ಮಣ್ಣಿನಲ್ಲಿ ಅವು ಇಂಥದ್ದನ್ನು ಮಾಡುವುದು ನೆರೆಯವರ ಜೊತೆಗಿನ ಜಗಳಕ್ಕೂ ಇರಬಹುದು, ನಾವು ಅದನ್ನು ಮಾತ್ರೆ ಮಾಡಿ ನೆಗಡಿಗೂ ನುಂಗುತ್ತೇವೆ. ನೆಗಡಿ ವೈರಸ್ಸಿನಿಂದ ಬರುವುದು, ಆ ಮಾತ್ರೆಗೆ ಅದರ ಮೇಲೆ ಏನೂ ಅಧಿಕಾರ ಇಲ್ಲ. ಆದರೆ ಹೊಟ್ಟೆಯಲ್ಲಿ ಕೂತವರ ಮೇಲೆ ಇದೆ. 2016ರ ಒಂದು ಲೆಕ್ಕದ ಪ್ರಕಾರ 70 ಕೆಜಿ ಮನುಷ್ಯನಲ್ಲಿ ಅವನ ಸ್ವಂತ ಜೀವಕೋಶ ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾ 38 ಲಕ್ಷ ಕೋಟಿ, ಹೆಚ್ಚಿನವು ದೊಡ್ಡ ಕರುಳಿನಲ್ಲಿ. ಎಲ್ಲ ಸೇರಿ ತೂಕ ಕಾಲು ಕೆಜಿಯೂ ಇಲ್ಲ. ಮಾತ್ರೆ ಅವರ ಸೀಟುಗಳನ್ನೂ ಖಾಲಿ ಮಾಡಿಸುತ್ತದೆ, ಖಾಲಿಯಾದ ಜಾಗಕ್ಕೆ ಕೆಲವರಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಅನ್ನುವ ಪುಂಡ ಬಂದು ಕೂರುತ್ತಾನೆ, ನಿಲ್ಲದ ಭೇದಿ. ಅದಕ್ಕೆ ಕಂಡುಹಿಡಿದ ಮದ್ದನ್ನು ಊಟದ ಹೊತ್ತಿಗೆ ಹೇಳಬಾರದು. ಆರೋಗ್ಯವಂತರ ಮಲವನ್ನು ನೀರಲ್ಲಿ ಕದಡಿ, ಸೋಸಿ, ಕೊಳವೆಯ ಮೂಲಕ ರೋಗಿಯ ಕರುಳಿಗೆ ಬಿಡುವುದು. ನೆದರ್ಲೆಂಡ್ಸಿನಲ್ಲಿ ಮಾಡಿದ ಪರೀಕ್ಷೆ 2013ರಲ್ಲಿ ಪ್ರಕಟವಾಯಿತು, 16 ಜನರಲ್ಲಿ 13 ಜನ ಒಂದೇ ಸಲಕ್ಕೆ ಗುಣವಾದರು. ಹೆಪ್ಪೇ ಅಲ್ವಾ ಇದು? ಆಯಿಗೆ ಇದನ್ನು ಇನ್ನೂ ಹೇಳಿಲ್ಲ, ಮೊಸರು ತಿನ್ನುವುದನ್ನೇ ಬಿಟ್ಟಾಳು.

ಹುಟ್ಟುವ ಮಗುವಿಗೂ ಹೆಪ್ಪು ತಾಯಿಯದ್ದೇ. ಹೆರಿಗೆಯ ದಾರಿಯಲ್ಲಿ ಒಂದಿಷ್ಟು, ಎದೆಹಾಲಿನ ಜೊತೆ ಒಂದಿಷ್ಟು. ಎದೆಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಕೆಲವು ಸಕ್ಕರೆಗಳಿರುತ್ತವೆ, ಅವನ್ನು ತಿನ್ನುವುದು ಮಗುವಿನ ಕರುಳಿನ ಬೈಫಿಡೊಬ್ಯಾಕ್ಟೀರಿಯಾ. ಅಂದರೆ ತಾಯಿ ಮಗುವಿಗೂ ಉಣಿಸುತ್ತಾಳೆ, ಮಗುವಿನ ಬಾಡಿಗೆದಾರರಿಗೂ ಉಣಿಸುತ್ತಾಳೆ. ಅಂಗಡಿಯಲ್ಲಿ ಪುಟ್ಟ ಬಾಟಲಿಯಲ್ಲಿ ದುಬಾರಿಗೆ ಮಾರುವ ಪ್ರೋಬಯೋಟಿಕ್ ಪಾನೀಯದ ಬ್ಯಾಕ್ಟೀರಿಯಾಗಳು ಹೊಟ್ಟೆಯಲ್ಲಿ ಕಾಯಂ ಮನೆ ಮಾಡುವುದು ಅಪರೂಪ, ಬಂದು ಹೋಗುವ ನೆಂಟರು. ನಮ್ಮ ಮಜ್ಜಿಗೆಯದ್ದೂ ಅದೇ ಕತೆ. ರೇಟಿನಲ್ಲಿ ಮಾತ್ರ ವ್ಯತ್ಯಾಸ ಇದೆ.

ಇಷ್ಟು ಬರೆದ ಮೇಲೆ ಸೆಗಣಿ ಕ್ರಿಮಿನಾಶಕ ಹೌದೋ ಅಲ್ಲವೋ ಅಂತ ಯಾರಾದರೂ ಕೇಳುತ್ತಾರೆ. ಸೆಗಣಿ ತುಂಬ ಬ್ಯಾಕ್ಟೀರಿಯಾ ಇರುತ್ತವೆ, ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣವೂ ಇರಬಹುದು. ಸಾರಿಸಿದ ಅಂಗಳ ಧೂಳು ಏಳದೆ ಚೆಂದ ಕಾಣುತ್ತದೆ, ಅದು ನಿಜ. ಗಾಯಕ್ಕೆ ಮಾತ್ರ ತಾಗಿಸಬೇಡಿ. ಸೆಗಣಿಯೊಳಗಿನ ಜನರ ನಿಜವಾದ ಕಸುಬು ನೋಡಬೇಕಾದರೆ ಕೊಟ್ಟಿಗೆಯ ಹಿಂದಿನ ಗೋಬರ್ ಗ್ಯಾಸ್ ಗುಂಡಿಗೆ ಬರಬೇಕು. ಗಾಳಿ ಇಲ್ಲದ ಕತ್ತಲಲ್ಲಿ ಒಂದು ಗುಂಪು ಸೆಗಣಿಯನ್ನು ಒಡೆದು ಆಮ್ಲ ಮಾಡುತ್ತದೆ, ಇನ್ನೊಂದು ಗುಂಪು ಅದರಿಂದ ಮೀಥೇನ್ ಮಾಡುತ್ತದೆ. ಈ ಎರಡನೆಯವರು ನಿಧಾನದವರು, ಚಳಿಗೆ ಇನ್ನೂ ನಿಧಾನ, ಅದಕ್ಕೇ ಮಳೆಗಾಲದಲ್ಲಿ ದೋಸೆ ಅರ್ಧ ಬೇಯುವ ಹೊತ್ತಿಗೆ ಒಲೆ ಸಣ್ಣಗಾಗುವುದು.

ಕೆಳಗಿನ ಮನೆಯವರು ಹೊಸ ಗುಂಡಿ ಕಟ್ಟಿಸಿದಾಗ ನಮ್ಮ ಗುಂಡಿಯ ಸ್ಲರಿಯನ್ನು ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗಿ ಸೆಗಣಿ ನೀರಿನ ಜೊತೆ ಸುರಿದರು. ಹೀಗೆ ಹಾಕಿದರೆ ಗ್ಯಾಸ್ ಬೇಗ ಹಿಡಿಯುತ್ತದೆ, ಇಲ್ಲದಿದ್ದರೆ ವಾರಗಟ್ಟಲೆ ಕಾಯಬೇಕು. ಶುರುವಿಗೆ ಬರ್ನರಿನ ಕಿವಿ ತಿರುಗಿಸಿದರೆ ಬುಸ್ ಅನ್ನುವ ಸದ್ದು ಮಾತ್ರ, ಹಿಡಿದ ಕಡ್ಡಿಯೇ ಆರಿಹೋಗುತ್ತಿತ್ತು, ಮೊದಲು ಬರುವ ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡೇ ಜಾಸ್ತಿ. ಆಮೇಲೆ ಒಂದು ಬೆಳಿಗ್ಗೆ ನೀಲಿ ಉರಿ ಬಂತು. ಆ ಉರಿಯಲ್ಲಿ ಮಾಡಿದ ಚಹಾಕ್ಕೆ ನಮ್ಮನ್ನೂ ಕರೆದರು. ಈಗ ಅವರ ಒಲೆ ನಮ್ಮದಕ್ಕಿಂತ ಜೋರಾಗಿ ಉರಿಯುತ್ತದೆ. ನಮ್ಮ ಹೆಪ್ಪಿನ ಗುಣ ಅಲ್ವಾ ಅಂತ ನಾನು ಹೆಮ್ಮೆಪಟ್ಟರೆ ಆಯಿ ಒಪ್ಪುವುದಿಲ್ಲ. "ಹೆಪ್ಪೂ ಅಲ್ಲ ಎಂತದೂ ಅಲ್ಲ, ಅವ್ರ ಮನೇಲಿ ಎಮ್ಮೆ ಎರಡು ಜಾಸ್ತಿ ಇದ್ದು" ಅನ್ನುತ್ತಾಳೆ.